ಹೊತ್ತಲ್ಲದ ಹೊತ್ತಿನ ಭಟ್ಟಿ

ನಮ್ಮೂರಿನಲ್ಲಿ ಬೇಸಿಗೆ ಬಂದರೆ ಗಂಡ ಹೆಂಡಿರು ಬೇರೆಯಾಗುತ್ತಾರೆ. ಇದನ್ನು ಹೇಳುವುದಕ್ಕೆ ನನಗೆ ನಾಚಿಕೆಯಿಲ್ಲ, ಯಾಕೆಂದರೆ ಇದರಲ್ಲಿ ನಾಚುವಂಥದ್ದೇನೂ ಇಲ್ಲ. ಬಾವಿಯ ನೀರು ಇಳಿಯುತ್ತದೆ, ಬೇವು ಹೂ ಬಿಡುತ್ತದೆ, ಒಂದು ಬೆಳಿಗ್ಗೆ ಯಾವಳೋ ಒಬ್ಬಳು ಒಲೆಯ ಮುಂದೆ ಎರಡು ತಟ್ಟೆ ಇಡುವ ಬದಲು ಒಂದೇ ತಟ್ಟೆ ಇಡುತ್ತಾಳೆ. ಗಂಡ ಅದನ್ನು ನೋಡುತ್ತಾನೆ. ಜಗಳವಿಲ್ಲ, ಅಳುವಿಲ್ಲ. ಇಬ್ಬರಲ್ಲಿ ಒಬ್ಬರು ಗಂಟು ಕಟ್ಟಿಕೊಂಡು, ಜೋಡಿಯಿಲ್ಲದವರು ಇರುವ ಮೇಲಿನ ಒಂಟಿ ಓಣಿಗೆ ನಡೆಯುತ್ತಾರೆ. ಬಾಗಿಲ ಹೊರಗಿನ ಹಲಗೆಯ ಮೇಲೆ ಎರಡು ಜೊತೆ ಚಪ್ಪಲಿ ಇದ್ದದ್ದು ಒಂದು ಜೊತೆಯಾಗುತ್ತದೆ. ಚಳಿ ಬಿದ್ದಾಗ ಮತ್ತೆ ಕೂಡುತ್ತಾರೆ. ಬಹಳ ಮಾಡಿ ಅದೇ ಗಂಡ, ಅದೇ ಹೆಂಡತಿ. ಒಮ್ಮೊಮ್ಮೆ ಬೇರೆ ಯಾರೋ. ಯಾವ ಬೇಸಿಗೆಗೂ ಬಿಡದೆ ಉಳಿದುಕೊಳ್ಳುವ ಜೋಡಿಗಳೂ ಇವೆ, ಅವರನ್ನು ಯಾರೂ ಹೆಚ್ಚೆಂದು ಹೊಗಳುವುದಿಲ್ಲ. ನನಗೆ ನಾಚಿಕೆಯಿರುವುದು ಬೇರೆ ಮಾತಿಗೆ. ಅದನ್ನೇ ಹೇಳಬೇಕೆಂದು ಕೂತಿದ್ದೇನೆ, ಕೂತಾಗಿನಿಂದ ಬೇವಿನ ಹೂವಿನ ಮಾತಾಡುತ್ತಿದ್ದೇನೆ.

ಊರು ಬೋಗುಣಿಯ ತಳದಲ್ಲಿ ಇಟ್ಟಂತಿದೆ. ಸುತ್ತ ಗುಡ್ಡ, ಹೊರಗೆ ಹೋಗಲು ಒಂದೇ ಕಣಿವೆ. ಗುಡ್ಡದಾಚೆ ಚೈತ್ರ ವೈಶಾಖದಲ್ಲಿ ತಲೆ ಸಿಡಿಯುವಂಥ ಬಿಸಿಲು ಎಂದು ಪಾತ್ರೆ ಮಾರಲು ಬರುವವರು ಹೇಳುತ್ತಾರೆ. ನಮ್ಮಲ್ಲಿ ಅಷ್ಟಿಲ್ಲ. ಒಂದೊಂದು ಮನೆ ಒಡೆಯುವಾಗಲೂ ಒಂದಿಷ್ಟು ಸೆಕೆಯನ್ನು ನುಂಗಿಕೊಂಡೇ ಒಡೆಯುತ್ತದೆ. ಗಂಟು ಹೊತ್ತು ಹೋದವರ ಹಿಂದೆ ಓಣಿಯಲ್ಲಿ ತಣ್ಣನೆಯ ಗಾಳಿ ಸುಳಿಯುತ್ತದೆ. ಚಿಕ್ಕವರಿದ್ದಾಗ ನಾವು ಅಂಗಿ ಬಿಚ್ಚಿ ಅದರೊಳಗೆ ಓಡುತ್ತಿದ್ದೆವು. ಚಳಿಗಾಲದಲ್ಲಿ ಇದೇ ತಿರುವುಮುರುವು. ಹೊಸದಾಗಿ ಕೂಡಿದವರ ಮನೆಯ ಗೋಡೆ ಮುಟ್ಟಿದರೆ ಬೆಚ್ಚಗಿರುತ್ತದೆ, ಓಣಿಯ ಬೆಕ್ಕುಗಳೆಲ್ಲ ಅದಕ್ಕೆ ಒರಗಿ ಮಲಗುತ್ತವೆ. ಇನ್ನು ಸೆಕೆಯೂ ಇಲ್ಲದ ಚಳಿಯೂ ಇಲ್ಲದ ದಿನಗಳಲ್ಲಿ ಊರು ಅಲುಗಾಡದೆ ನಿಂತಂತೆ ಕಾಣುತ್ತದೆ, ಆದರೆ ಚಾವಡಿಯ ಕಟ್ಟೆಯ ಮೇಲೆ ಅರ್ಧ ದಿನ ಕೂತು ನೋಡಿ, ಗಂಟು ಹೊತ್ತು ಹತ್ತುವ ಒಬ್ಬಿಬ್ಬರು, ಗಂಟು ಹೊತ್ತು ಇಳಿಯುವ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಹತ್ತಿದಷ್ಟೇ ಇಳಿಯುವುದರಿಂದ ಯಾರಿಗೂ ಏನೂ ಅನ್ನಿಸುವುದಿಲ್ಲ.

ಕಟ್ಟಳೆಗಳು ಬಹಳವಿಲ್ಲ. ಒಂಟಿಯಾದವರು ಕಣಿವೆ ದಾಟಿ ಊರು ಬಿಡುವಂತಿಲ್ಲ. ನಮ್ಮಜ್ಜನ ಕಾಲದಲ್ಲಿ ಮೂವರು ಬೇಸರ ಬಂದು ಹೊರಟೇಹೋದರಂತೆ. ಅವರ ಜಾಗ ಖಾಲಿ ಬಿತ್ತು, ಅದು ತುಂಬುವತನಕ ಕೆಳಗಿನ ಮನೆಗಳು ಒಡೆದವು, ಅದೂ ಮಾಗಿಯ ಚಳಿಯಲ್ಲಿ. ಇನ್ನೊಂದು ಕಟ್ಟಳೆ ಬೆಂಕಿಯದು, ಅದು ನಮ್ಮ ಮನೆತನಕ್ಕೇ ಸೇರಿದ್ದು. ನಾವು ಸುಣ್ಣ ಸುಡುವವರು. ಊರಿಗೆಲ್ಲ ಒಂದೇ ಭಟ್ಟಿ, ಒಂಟಿ ಓಣಿಯ ತುದಿಯಲ್ಲಿ. ಕಾರ ಹುಣ್ಣಿಮೆ ಕಳೆದು ನೆಲ ತೋಯ್ದ ಮೇಲೆ ಹಚ್ಚಬೇಕು, ದೀಪಾವಳಿಗೆ ಮೊದಲು ಆರಿರಬೇಕು. ಮಳೆಗಾಲದಲ್ಲಾದರೆ ಆ ಕಾವು ತಂಪಿನಲ್ಲಿ ಕರಗಿ ಹೋಗುತ್ತದೆ. "ಕಲ್ಲು ಬೇಯಿಸು, ಊರು ಬೇಯಿಸಬ್ಯಾಡ," ಎಂದು ಅಪ್ಪ ನನಗೆ ಭಟ್ಟಿ ಒಪ್ಪಿಸಿದ ದಿನ ಹೇಳಿದ್ದ. ಆಮೇಲೆ ಎರಡು ವರ್ಷಕ್ಕೆ ಅವನಿಗೆ ಲಕ್ವಾ ಹೊಡೆದು ಬಲಗೈ ಬಲಗಾಲು ಹೋದವು. ಪಡಸಾಲೆಯ ಹೊರಸಿನ ಮೇಲೆ ಮಲಗಿದ. ಅವ್ವ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ, ಚಿಕ್ಕ ಚಿಕ್ಕ ತುತ್ತು ಮಾಡಿ ಉಣಿಸುತ್ತಿದ್ದಳು. ನಲವತ್ತೊಂದು ಬೇಸಿಗೆ ಬಿಡದ ಜೋಡಿ ಅವರದು. ಅಪ್ಪ ನಡೆಯದಿದ್ದರೂ ಅವನ ಚಪ್ಪಲಿಯನ್ನು ಅವ್ವ ಪ್ರತಿ ಸೋಮವಾರ ಎಣ್ಣೆ ಸವರಿ ಹಲಗೆಯ ಮೇಲೆ ತನ್ನವುಗಳ ಪಕ್ಕಕ್ಕೆ ಇಡುತ್ತಿದ್ದಳು.

ನನ್ನ ಜೊತೆ ಎರಡು ಚಳಿಗಾಲ ಇದ್ದವಳು ಕಸ್ತೂರಿ. ಅವಳ ನಗು, ಅವಳ ನಡೆ ಎಂದೆಲ್ಲ ಶುರುಮಾಡಿದರೆ ನನ್ನ ತಪ್ಪಿಗೆ ಹೂಮಾಲೆ ಹಾಕಿದಂತಾಗುತ್ತದೆ, ಬೇಡ. ಎರಡನೆಯ ಬೇಸಿಗೆಯಲ್ಲಿ ಅವಳು ಒಂದೇ ತಟ್ಟೆ ಇಟ್ಟಳು. ನಾನೂ ಅದನ್ನು ದೊಡ್ಡದು ಮಾಡಲಿಲ್ಲ. ಚಳಿಗಾಲದಲ್ಲಿ ನಮ್ಮಲ್ಲಿ ಇಕ್ಕಟ್ಟಿನ ದಿನ ಎಂದು ಮಾಡುತ್ತಾರೆ. ಒಂಟಿ ಓಣಿಯವರೆಲ್ಲ ಹಳೆಯ ಕಣಜದೊಳಗೆ ಹೋಗಿ ನಿಲ್ಲುತ್ತಾರೆ, ಹೊರಗಿನಿಂದ ಕದ ಮುಚ್ಚುತ್ತಾರೆ. ಮೊಣಕೈಗೆ ಮೊಣಕೈ, ಬೆನ್ನಿಗೆ ಬೆನ್ನು ತಾಗುವಷ್ಟು ಒತ್ತಾಟ. ಮಧ್ಯಾಹ್ನ ಕದ ತೆಗೆದರೆ ಒಳಗೆ ಹೋದವರಲ್ಲಿ ಬಹಳ ಮಂದಿ ಇಬ್ಬಿಬ್ಬರಾಗಿ ಹೊರಬರುತ್ತಾರೆ. ಬೇಕಾದವರ ಪಕ್ಕ ಮೊದಲೇ ಹೋಗಿ ನಿಲ್ಲುವುದು ಜಾಣತನ. ನಾನು ಆ ದಿನ ತಡಮಾಡಿದೆ. ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂಬ ಗತ್ತು ನನಗೆ. ಅವಳು ಬರುವ ಮನೆ ಬೆಳ್ಳಗಿರಲಿ ಎಂದು ಗೋಡೆಗೆ ಮತ್ತೊಂದು ಕೈ ಸುಣ್ಣ ಬಳಿಯುತ್ತ ಕೂತಿದ್ದೆ. ಕಣಜದ ಕದ ಹಾಕುವಷ್ಟರಲ್ಲಿ ಓಡಿಬಂದು ಬಾಗಿಲ ಸಂದಿನಲ್ಲಿ ಸಿಕ್ಕಿಕೊಂಡೆ. ಅವಳು ಆ ತುದಿಯಲ್ಲಿದ್ದಳು, ಪಕ್ಕದಲ್ಲಿ ಹಗ್ಗ ಹೊಸೆಯುವ ಯಮನಪ್ಪ. ಕದ ತೆಗೆದಾಗ ಅವರಿಬ್ಬರೂ ನನ್ನನ್ನು ದಾಟಿಕೊಂಡೇ ಹೊರಗೆ ಹೋದರು. ಯಮನಪ್ಪ, "ಬರ್ತೀವಪಾ ದುಂಡಪ್ಪ," ಎಂದು ಹೇಳಿಯೂ ಹೋದ. ಅವನಲ್ಲಿ ಕೆಟ್ಟತನವಿಲ್ಲ. ಇದ್ದಿದ್ದರೆ ನನಗೆ ಈಗ ಸ್ವಲ್ಪ ಅನುಕೂಲವಾಗುತ್ತಿತ್ತು.

ಮುಂದಿನ ಬೇಸಿಗೆಗೆ ಅವರು ಬಿಡುತ್ತಾರೆಂದು ಕಾದೆ. ಬಿಡಲಿಲ್ಲ. ಅದರ ಮುಂದಿನ ಹೋಳಿಯ ಹೊತ್ತಿಗೆ ನನಗೆ ಕಾಯುವ ತಾಳ್ಮೆ ಮುಗಿದಿತ್ತು. ದಿನಾ ಬೆಳಿಗ್ಗೆ ನೀರಿಗೆ ಹೋಗುವ ನೆಪದಲ್ಲಿ ಅವರ ಬಾಗಿಲ ಮುಂದೆ ಹಾದು ಹಲಗೆ ನೋಡುವುದು, ಎರಡು ಜೊತೆ ಕಂಡು ಕೈಯಲ್ಲಿದ್ದ ಖಾಲಿ ಕೊಡದಷ್ಟೇ ಖಾಲಿಯಾಗಿ ತಿರುಗಿ ಬರುವುದು. ಒಂದು ದಿನ ಭಟ್ಟಿಯ ಬಾಯಿಯ ಮುಂದೆ ಕೂತಿದ್ದೆ. ಒಳಗೆ ಕಳೆದ ವರ್ಷದ ಬೂದಿ. ಪಕ್ಕದಲ್ಲಿ ಮಳೆಗಾಲಕ್ಕೆಂದು ಒಟ್ಟಿದ ಕಟ್ಟಿಗೆ. ಬೇಸಿಗೆ ಇನ್ನೊಂದಿಷ್ಟು ಬಿಸಿಯಾಗಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದೆ. ಯೋಚನೆ ಮಾಡಿದ್ದಷ್ಟೇ ನೆನಪಿದೆ, ಎದ್ದು ಕಲ್ಲು ಪೇರಿಸಿದ್ದು ಕೈಯ ಕೆಲಸ ಎನ್ನುವ ಹಾಗೆ ಹೇಳಿ ತಪ್ಪಿಸಿಕೊಳ್ಳಲು ನೋಡಿದ್ದೇನೆ, ಅನೇಕ ಸಲ. ಸುಳ್ಳು. ಒಂದೊಂದು ಕಲ್ಲನ್ನೂ ಗೊತ್ತಿದ್ದೇ ಇಟ್ಟೆ.

ಅಪ್ಪನಿಗೆ ಹೊಗೆ ಮೊದಲು ತಿಳಿಯಿತು. ಕೆಳಗಿನ ಮನೆಗೆ ಊಟಕ್ಕೆ ಹೋದಾಗ ಮೂಗು ಅರಳಿಸಿ ಕೇಳಿದ: "ದುಂಡ್ಯಾ, ಈಗ್ಯಾಕ ಭಟ್ಟಿ ಹೊಗಿ?"

"ಚಾವಡಿ ಗ್ವಾಡಿ ಉದುರೇತಿ ಅಪ್ಪ. ಯುಗಾದಿಗೆ ಸುಣ್ಣ ಬೇಕಂತ."

"ಯಾರು ಹೇಳಿದ್ರು?"

"ಊರಾಗ ಹೇಳ್ಯಾರ."

ಅಪ್ಪ ನನ್ನ ಮುಖವನ್ನೇ ನೋಡಿದ. ಅವ್ವ ಅವನ ಬಾಯಿಗೆ ತುತ್ತು ಇಟ್ಟಳು, ಆದ್ದರಿಂದ ಅವನು ಮತ್ತೇನೂ ಕೇಳಲಿಲ್ಲ. ಚಾವಡಿಯ ಹಿರಿಯರು ಯಾರೂ ಬಂದು ಕೇಳಲಿಲ್ಲ. ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ನಾನೇ ಹೋಗಿ ಹೆಗಲು ಮುಟ್ಟಿ ನೋಡಿಕೊಂಡೆ. ಚಾವಡಿಯ ಕಟ್ಟೆಯ ಮೇಲೆ ಕೂತವರಿಗೆಲ್ಲ, ಈ ಗೋಡೆ ಬಹಳ ಹಾಳಾಗಿದೆ, ಯುಗಾದಿಗೆ ಬಳಿದುಕೊಡುತ್ತೇನೆ ಎಂದು ಹೇಳಿಬಂದೆ. ಅವರು ಗೋಡೆಯನ್ನೂ ನನ್ನನ್ನೂ ನೋಡಿ ತಲೆಯಾಡಿಸಿದರು.

ಮೊದಲ ವಾರದಲ್ಲೇ ಮನೆಗಳು ಒಡೆಯತೊಡಗಿದವು. ಗಂಟು ಹೊತ್ತವರು ದಿನಕ್ಕೆ ಇಬ್ಬರು, ಮೂವರು, ಆಮೇಲೆ ಆರೇಳು ಮಂದಿ ಭಟ್ಟಿಯ ಮುಂದೆಯೇ ಹಾದು ಒಂಟಿ ಓಣಿಗೆ ಬಂದರು. ಚೊಚ್ಚಲ ಬಸುರಿ ಒಬ್ಬಳು ಬಂದಳು. ನಾನು ಕಟ್ಟಿಗೆ ಎತ್ತುತ್ತ ಮುಖ ತಿರುಗಿಸಿದೆ. ವಿಚಿತ್ರವೆಂದರೆ ಊರು ಅಷ್ಟಾಗಿ ಕಾಯಲೇ ಇಲ್ಲ. ಭಟ್ಟಿಯ ಪಕ್ಕ ನಿಂತರೆ ಮೈ ಸುಡುತ್ತಿತ್ತು, ಕೆಳಗಿನ ಓಣಿಗೆ ಇಳಿದರೆ ತಣ್ಣನೆಯ ಗಾಳಿ. ನಾನು ಒಂದು ಗಾಡಿ ಕಟ್ಟಿಗೆ ಸುಟ್ಟರೆ ಊರು ನಾಲ್ಕು ಮನೆ ಒಡೆದು ಅದನ್ನು ನುಂಗಿ ಸುಮ್ಮನಾಗುತ್ತಿತ್ತು. ನನಗೆ ಊರಿನ ಮೇಲೆ ಸಿಟ್ಟು ಬಂತು. ಮೋಸ ಮಾಡುತ್ತಿರುವವನು ನಾನು, ಮೋಸ ಹೋದವನಂತೆ ಹಲ್ಲು ಕಡಿಯುತ್ತಿದ್ದವನೂ ನಾನೇ. ಯಾಕೆಂದರೆ ದಿನಾ ಬೆಳಿಗ್ಗೆ ಯಮನಪ್ಪನ ಬಾಗಿಲಲ್ಲಿ ನೋಡಿದರೆ ಹಲಗೆಯ ಮೇಲೆ ಎರಡು ಜೊತೆ ಚಪ್ಪಲಿ ಹಾಗೇ ಇರುತ್ತಿದ್ದವು. ಹಲಗೆಯ ಕೆಳಗೆ ನೆಲದ ಮೇಲೆ ಬೇರೆ ಯಾರ ಯಾರವೋ ಚಪ್ಪಲಿ, ಚಿಕ್ಕವು ದೊಡ್ಡವು, ರಾಶಿಯಾಗಿ ಬಿದ್ದಿರುತ್ತಿದ್ದವು. ಹಗ್ಗ ಕೊಳ್ಳಲು ಬಂದವರದ್ದಿರಬೇಕು ಎಂದುಕೊಂಡು ನಾನು ಆ ಕಡೆ ಸರಿಯಾಗಿ ನೋಡಲೇ ಇಲ್ಲ.

ಯುಗಾದಿ ಇನ್ನು ಐದು ದಿನ ಇರುವಾಗ ಊಟಕ್ಕೆ ಹೋದೆ. ಅವ್ವ ಒಲೆಯ ಮುಂದೆ ಕೂತಿದ್ದಳು, ಮುಂದೆ ಒಂದೇ ತಟ್ಟೆ. ಅಪ್ಪ ಹೊರಸಿನ ಮೇಲಿಂದ ಅದನ್ನು ನೋಡುತ್ತಿದ್ದ. ಅವ್ವ ತನ್ನ ರೊಟ್ಟಿ ತಾನು ಉಂಡು, ಕೈ ತೊಳೆದು, ಎರಡು ಸೀರೆ ಒಂದು ಕಂಬಳಿ ಗಂಟು ಕಟ್ಟಿದಳು. ನಾನು ಬಾಗಿಲಲ್ಲಿ ನಿಂತಿದ್ದೆ.

"ಅವ್ವಾ, ಅಪ್ಪನ್ನ ಯಾರು ನೋಡ್ತಾರ?" ಎಂದೆ.

"ನೀ ಇದ್ದೀಯಲ್ಲೋ," ಎಂದಳು ಅವ್ವ. ದನಿಯಲ್ಲಿ ಸಿಟ್ಟಿಲ್ಲ, ಸಂಕಟವಿಲ್ಲ, ನೆರೆಮನೆಯ ಹೆಂಗಸು ಮಾತಾಡಿದಂತೆ. "ರೊಟ್ಟಿ ಹಾಲಿನ್ಯಾಗ ನೆನಸಬೇಕು. ತುತ್ತು ಸಣ್ಣದು ಮಾಡು."

ಅವಳು ಓಣಿ ಹತ್ತಿ ಹೋದಳು. ಅವಳ ಹಿಂದೆ ತಣ್ಣನೆಯ ಗಾಳಿ ಸುಳಿಯಿತು. ಅದು ನನ್ನ ಮೈಗೆ ಹಿತವಾಗಿತ್ತು ಎಂಬುದನ್ನು ನಾನು ಯಾರಿಗೂ ಹೇಳಿಲ್ಲ. ಅಪ್ಪ ಮಾಡು ನೋಡುತ್ತ ಮಲಗಿದ. ಅವನಿಗೆ ತಟ್ಟೆಯಲ್ಲಿ ರೊಟ್ಟಿ ಹಾಲು ಹಾಕಿ ಎಡಗೈ ಹತ್ತಿರ ಇಟ್ಟು ನಾನು ಭಟ್ಟಿಗೆ ತಿರುಗಿ ಹೋದೆ. ಹೋಗಿ ಕಟ್ಟಿಗೆ ಹಾಕಿದೆ. ನಲವತ್ತೊಂದು ಬೇಸಿಗೆಯ ಜೋಡಿಯೇ ಬಿಟ್ಟಿತೆಂದರೆ ಕಸ್ತೂರಿಯದು ಇನ್ನು ಒಂದೆರಡು ದಿನದ ಮಾತು ಎಂದು ನನ್ನ ಲೆಕ್ಕ. ಉಳಿದದ್ದನ್ನೆಲ್ಲ ಹೇಗೋ ಹೇಳಿಬಿಡಬಲ್ಲೆ. ಅವ್ವ ಹೋದ ಮಧ್ಯಾಹ್ನವೂ ನಾನು ಕಟ್ಟಿಗೆ ಹಾಕಿದೆ ಎಂಬುದೊಂದನ್ನು ಹೇಳುವಾಗ ಈಗಲೂ ನಾಲಿಗೆ ಅಂಗುಳಿಗೆ ಅಂಟುತ್ತದೆ.

ಮರುದಿನ ಬೆಳಿಗ್ಗೆ ಮನೆಗೆ ಹೋಗಿ ನೋಡಿದರೆ ತಟ್ಟೆ ಬರಿದಾಗಿತ್ತು. ಅಪ್ಪ ಗೋಡೆಗೆ ಮುಖಮಾಡಿ ಮಲಗಿದ್ದ. ಉಂಡಿದ್ದಾನೆ ಎಂದುಕೊಂಡು ಮತ್ತೊಂದಿಷ್ಟು ಹಾಕಿಟ್ಟು ಬಂದೆ. ಆಮೇಲಿನ ದಿನಗಳಲ್ಲಿ ಬುಟ್ಟಿಯಲ್ಲಿ ರೊಟ್ಟಿ ಇಟ್ಟು ಬಾಗಿಲಿಂದಲೇ ಇಣುಕಿ ತಿರುಗುತ್ತಿದ್ದೆ. ಕತ್ತಲ ಪಡಸಾಲೆಯಲ್ಲಿ ಹೊರಸಿನ ಮೇಲೆ ಕಂಬಳಿ ಉಬ್ಬಿಕೊಂಡಿರುತ್ತಿತ್ತು. ಭಟ್ಟಿಯ ಬೆಂಕಿ ಬಿಟ್ಟು ಬಹಳ ಹೊತ್ತು ಇರುವಂತಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಯುಗಾದಿಯ ಹಿಂದಿನ ದಿನ ಮಟಮಟ ಮಧ್ಯಾಹ್ನ ಕಸ್ತೂರಿ ಭಟ್ಟಿಯ ಹತ್ತಿರ ಬಂದಳು. ಮೊಣಕೈವರೆಗೆ ಜೋಳದ ಹಿಟ್ಟು. ಒಂಟಿಯಾಗಿ ಬಂದಳೆಂದು ನಾನು ಎದ್ದು ನಿಂತೆ, ಪಂಚೆಯಿಂದ ಮುಖದ ಮಸಿ ಒರೆಸಿಕೊಂಡೆ. ಗಂಟು ಎಲ್ಲಿ ಎಂದು ಅವಳ ಕೈ ನೋಡಿದೆ. ಗಂಟಿರಲಿಲ್ಲ.

"ನಿಮ್ಮಪ್ಪ ನಮ್ಮನಿಯಾಗ ಅದಾನ," ಎಂದಳು.

"ಯಾವಾಗಿಂದ?"

"ಮೂರು ದಿನಾತು. ನಿನಗ ಗೊತ್ತಾಗಲಿಲ್ಲಲ್ಲ, ಅದಕ್ಕ ಹೇಳಾಕ ಬಂದೆ." ಕೈಗೆ ಅಂಟಿದ ಹಿಟ್ಟು ತಿಕ್ಕುತ್ತ ಮತ್ತೆ ಹೇಳಿದಳು: "ನೀ ಇಟ್ಟ ರೊಟ್ಟಿ ನಾಯಿ ತಿಂದು ಹೋಗತಿತ್ತು. ಎಡಗೈಲೆ ಅವಂಗ ಮುರಿಯಾಕ ಬರೂದಿಲ್ಲ. ಹಾಯ್ದು ಹೋಗುವಾಗ ಯಮನಪ್ಪ ನೋಡಿ ಬೆನ್ನಮ್ಯಾಲೆ ಹೊತ್ಕೊಂಡು ಬಂದ. ಚಪ್ಪಲಿನೂ ತಂದೀವಿ. ದಿನಾ ನಮ್ಮ ಬಾಗಲದಾಗ ನಿಂತು ನೋಡತಿದ್ದಿ, ನಿಮ್ಮಪ್ಪನ ಚಪ್ಪಲಿ ಗುರ್ತ ಸಿಗಲಿಲ್ಲೇನು?"

ಭಟ್ಟಿಯ ಬಾಯಿ ನನ್ನ ಬೆನ್ನ ಹಿಂದೆ ಉರಿಯುತ್ತಿತ್ತು. ನೆಲದ ಮೇಲಿನ ಆ ರಾಶಿ ನೆನಪಾಯಿತು. ಎಣ್ಣೆ ಸವರಿದ, ಅಟ್ಟೆ ಸವೆಯದ ಒಂದು ಜೊತೆ ಅದರಲ್ಲಿತ್ತು. ನೋಡಿದ್ದೆ. ನೋಡಿ, ನನಗೆ ಬೇಕಾದದ್ದಲ್ಲ ಎಂದು ಬಿಟ್ಟಿದ್ದೆ.

"ಕಸ್ತೂರಿ, ನಾನು..." ಎಂದೆ.

"ನನ್ನ ಸಲುವಾಗಿ ಹಚ್ಚೀಯಂತ ಗೊತ್ತೈತಿ," ಎಂದಳು. "ಕೇಳು. ಹೋಳಿ ಆದ ಮ್ಯಾಲೆ ನಮ್ಮದೂ ಸಡಲಾಗಿತ್ತು. ಒಂದಿನ ಮುಂಜಾನೆ ನಾ ಒಂದ ತಾಟು ಇಟ್ಟೆ. ಇನ್ನೊಂದು ಇಡಬೇಕಂತ ನೆನಪ ಇರಲಿಲ್ಲ. ಅಷ್ಟರಾಗ ಬಾಜು ಮನಿ ಹುಡುಗ್ರು ಇಬ್ರು ಬಂದು ಕುಂತ್ರು, ಅವರವ್ವ ಆಗಷ್ಟೇ ಗಂಟು ಕಟ್ಟಿ ಹೋಗಿದ್ಲು. ಮೂರು ತಾಟು ಇಡೂದಾತು. ಆಮ್ಯಾಲೆ ಒಬ್ಬಾಕಿ ಮುದುಕಿ, ಆಮ್ಯಾಲೆ ಒಂದು ಕೂಸು. ಈಗ ಎರಡು ಅಂಕಣದಾಗ ಹದಿಮೂರು ಮಂದಿ ಅದೀವಿ. ಕಾಲು ಚಾಚಾಕ ಜಾಗ ಇಲ್ಲ. ಅಂಥಾ ಇಕ್ಕಟ್ಟಿನ್ಯಾಗ ಯಾರು ಬಿಡ್ತಾರ? ನೀ ಕಟಗಿ ಹಾಕಿದಷ್ಟೂ ನಮ್ಮನಿ ತುಂಬಾಕತ್ತೇತಿ. ನೀ ಸುಮ್ನ ಕುಂತಿದ್ರ..."

ನಾನು ಸುಮ್ಮನೆ ಕೂತಿದ್ದರೆ ಅವಳು ತಾನಾಗಿ ಬರುತ್ತಿದ್ದಳು. ಅವಳ ಮುಖದಲ್ಲಿ ಸಿಟ್ಟಿದ್ದಿದ್ದರೆ ಸಹಿಸುತ್ತಿದ್ದೆ. ಹಿಟ್ಟು ಒಣಗುತ್ತದೆ ಎನ್ನುವ ಅವಸರ ಮಾತ್ರ ಇತ್ತು. ತಿರುಗಿ ಇಳಿದು ಹೋದಳು.

ಕಟ್ಟಿಗೆ ಹಾಕುವುದನ್ನು ಅಲ್ಲಿಗೇ ನಿಲ್ಲಿಸಿದೆ. ಆದರೆ ಭಟ್ಟಿಯನ್ನು ಹಚ್ಚಿದಷ್ಟು ಬೇಗ ಆರಿಸಲಾಗುವುದಿಲ್ಲ. ನೀರು ಸುರಿದರೆ ಸುಟ್ಟ ಕಲ್ಲು ಅರಳಿ ಕುದಿದು ಇನ್ನಷ್ಟು ಕಾವು ಕಕ್ಕುತ್ತದೆ. ಸುಣ್ಣ ಸುಡುವವನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ತಾನಾಗಿ ತಣಿಯಲು ಹನ್ನೊಂದು ದಿನ ಬೇಕಾಯಿತು. ಆ ಹನ್ನೊಂದು ದಿನವೂ ಗಂಟು ಹೊತ್ತವರು ನನ್ನ ಮುಂದೆ ಹಾದು ಹೋದರು, ನಾನು ತಲೆತಗ್ಗಿಸಿ ಕೂತಿದ್ದೆ. ಸುಣ್ಣವನ್ನೇನೋ ತೆಗೆದೆ. ಚಾವಡಿಗೆ ಬಳಿದೆ ಕೂಡ. ಅಷ್ಟು ಬೆಳ್ಳಗಿನ ಚಾವಡಿಯನ್ನು ಊರು ನೋಡಿರಲಿಲ್ಲ, ಅದರ ಮುಂದೆ ಹಾಯುವಾಗ ನಾನು ಈಗಲೂ ನೆಲ ನೋಡಿಕೊಂಡು ನಡೆಯುತ್ತೇನೆ.

ಅಪ್ಪನನ್ನು ಮನೆಗೆ ಕರೆದುಕೊಂಡು ಬಂದು ನಾನೇ ಉಣಿಸತೊಡಗಿದೆ. ಮಳೆ ಬಂತು, ನೆಲ ತಂಪಾಯಿತು, ಒಂಟಿ ಓಣಿಯವರು ಒಬ್ಬೊಬ್ಬರಾಗಿ ಇಳಿದರು. ಬಸುರಿಯ ಗಂಡ ಅವಳ ಗಂಟನ್ನು ತಾನೇ ಹೊತ್ತುಕೊಂಡು ಹೋದ. ಯಮನಪ್ಪನ ಮನೆಯಲ್ಲಿ ಕಾಲು ಚಾಚಲು ಜಾಗವಾಯಿತು, ಆದರೆ ಅಷ್ಟೊತ್ತಿಗೆ ಚಳಿ ಬಂದಿತ್ತು, ಅವರು ಬಿಡಲಿಲ್ಲ. ಅವ್ವ ಮಾತ್ರ ಮೇಲೆಯೇ ಉಳಿದಳು. ಇಕ್ಕಟ್ಟಿನ ದಿನಕ್ಕೆ ಬರುತ್ತಾಳೆ ಎಂದು ಅಪ್ಪ ದಿನ ಎಣಿಸುತ್ತಿದ್ದ. ಆ ಬೆಳಿಗ್ಗೆ ಗಡ್ಡ ಹೆರೆಸಿಕೊಂಡ, ಒಗೆದ ಅಂಗಿ ಹಾಕೆಂದ. ಯಮನಪ್ಪ ಕೇಳದೆಯೇ ಬಂದಿದ್ದ.

"ಕಾಕಾನ್ನ ನಾ ಬೆನ್ನಮ್ಯಾಲೆ ಹೊರ್ತೀನಿ ದುಂಡಪ್ಪ. ಕಣಜದಾಗ ಹೊತ್ಕೊಂಡ ನಿಂದರ್ತೀನಿ. ನಾ ಜೋಡಿ ಇದ್ದಾಂವ, ನನಗೇನೂ ಆಗೂದಿಲ್ಲ."

ಅವನ ಬೆನ್ನಿನ ಮೇಲೆ ಅಪ್ಪ ಎರಡನೆಯ ಸಲ ಹೋಗುವುದನ್ನು ನೋಡಲು ನನ್ನಿಂದಾಗಲಿಲ್ಲ. ಅಷ್ಟು ಉಪಕಾರ ಅವನಿಂದ ಬೇಡವೆನ್ನಿಸಿತು. "ಬ್ಯಾಡ, ಹೊರಸಿನ ಮ್ಯಾಲೆ ಆರಾಮ ಮಲಗಿರ್ಲಿ," ಎಂದೆ. ನಾಲ್ಕು ಜನ ಹೊರಸು ಹೊತ್ತು ಕಣಜದ ನಡುವೆ ಇಟ್ಟೆವು. ಅವ್ವ ಬಂದು ಹೊರಸಿನ ತಲೆದೆಸೆಯಲ್ಲಿ ನಿಂತಳು. ಅವಳಾಗಿಯೇ ಬಂದು ನಿಂತಳು, ಅದನ್ನು ಮರೆಯಬಾರದು. ಕದ ಮುಚ್ಚಿತು, ಒತ್ತಾಟ ಶುರುವಾಯಿತು. ಆಗ ನನಗೆ ಹೊಳೆಯಿತು. ಹೊರಸಿನ ಚೌಕಟ್ಟು ಅಪ್ಪನ ಸುತ್ತ ಒಂದು ಮೊಳ ಜಾಗ ಕಾಯ್ದುಕೊಂಡಿತ್ತು. ನಾಲ್ಕು ಕಡೆಯಿಂದಲೂ ಜನ ಬಂದು ಹೊರಸಿಗೆ ಒತ್ತಿ ನಿಂತರು, ಒಬ್ಬರ ಮೈಯೂ ಅಪ್ಪನಿಗೆ ತಾಗಲಿಲ್ಲ. ಕಣಜದಲ್ಲಿ ಇಕ್ಕಟ್ಟಿಲ್ಲದ ಒಂದೇ ಒಂದು ಜಾಗವನ್ನು ನಾನು ಹೊತ್ತು ತಂದು ಅದರಲ್ಲಿ ಅಪ್ಪನನ್ನು ಮಲಗಿಸಿದ್ದೆ. ಅವ್ವ ಬಗ್ಗಿ ಕೈ ಚಾಚಿದಳು. ಅಷ್ಟರಲ್ಲಿ ಹಿಂದಿನಿಂದ ಅಲೆ ಬಂದು ಅವಳನ್ನು ಪಕ್ಕಕ್ಕೆ ತಳ್ಳಿತು. ಅಪ್ಪ ಎಡಗೈ ಎತ್ತಿದ್ದವನು ಎತ್ತಿಕೊಂಡೇ ಇದ್ದ. ಕದ ತೆಗೆದಾಗ ಅವ್ವ ಗಾಣದ ರಾಚಪ್ಪನ ಜೊತೆ ಹೊರಗೆ ಹೋದಳು. ಅವನೂ ಮುದುಕ, ಒಳ್ಳೆಯವನು, ಆರು ವರ್ಷದಿಂದ ಒಂಟಿಯಾಗಿದ್ದವನು. ಮರುದಿನ ಅವನ ಮನೆಯ ಗೋಡೆಗೆ ಬೆಕ್ಕುಗಳು ಒರಗಿದ್ದವು.

ನಮ್ಮೂರಿನಲ್ಲಿ ಎಷ್ಟು ಜೋಡಿ ಇರಬೇಕೋ ಅಷ್ಟು ಜೋಡಿ ಆದವು. ಊರು ತನಗಾದದ್ದನ್ನು ಸರಿಮಾಡಿಕೊಂಡಿತು. ಅದಕ್ಕೆ ಹೆಸರುಗಳು ಗೊತ್ತಿಲ್ಲ.

ಒಂದು ವಾರ ತಡಮಾಡಿ, ಕೊನೆಗೆ ಅವ್ವನನ್ನು ನೋಡಲು ಗಾಣಕ್ಕೆ ಹೋದೆ. ಅವಳು ಅಂಗಳದಲ್ಲಿ ಕುಸುಬೆ ಹಸನು ಮಾಡುತ್ತಿದ್ದಳು. ನಿಂತೇ ಎಲ್ಲವನ್ನೂ ಹೇಳಿದೆ. ಚಾವಡಿಯ ಸುಳ್ಳು, ಕಸ್ತೂರಿ, ಅವಳು ಹೋದ ದಿನ ಹಾಕಿದ ಕಟ್ಟಿಗೆ, ನಾಯಿ ತಿಂದ ರೊಟ್ಟಿ. ಅವಳು ಮೊರ ಕೆಳಗಿಡಲಿಲ್ಲ.

"ಗೊತ್ತೈತಿ," ಎಂದಳು. "ಊರಿಗೆಲ್ಲಾ ಗೊತ್ತೈತಿ. ಹೊಗಿ ಮುಚ್ಚಿಡಾಕ ಬರ್ತೈತೇನೋ?"

"ಮತ್ತ ಯಾರೂ ಯಾಕ ಕೇಳಲಿಲ್ಲ?"

"ಕೇಳಿದ್ರ ಏನ್ ಹೇಳ್ತಿದ್ದಿ? ನಿನ್ನ ಮಾರಿ ನೋಡಾಕ ಯಾರಿಗೂ ಮನಸ್ಸಾಗಲಿಲ್ಲ."

ಅವರೆಲ್ಲ ಚಾವಡಿಯ ಕಟ್ಟೆಯ ಮೇಲೆ ಕೂತು, ನನ್ನ ಗೋಡೆಯ ಕತೆಗೆ ತಲೆಯಾಡಿಸಿದ್ದು ಕಣ್ಣ ಮುಂದೆ ಬಂತು. ನನಗಾಗಿ ಅವರು ನಾಚಿಕೊಂಡಿದ್ದರು, ನನಗಿಂತ ಮೊದಲೇ.

"ಅವ್ವಾ, ನಾ ಊರು ಬಿಟ್ಟು ಹೋಗ್ತೀನಿ," ಎಂದೆ.

ಆಗ ಮೊರ ನಿಂತಿತು. "ಯಾರದು ಒಡೀಬೇಕಂತ ಮಾಡೀದಿ?" ಎಂದಳು. "ನೀ ಒಂಟಿ ಇದ್ದಾಂವ. ನೀ ಹ್ವಾದ್ರ ಆ ಜಾಗ ಯಾರರ ತುಂಬಬೇಕು. ಯಾರು ತುಂಬಲಿ, ಹೇಳು. ಆ ಬಸುರಿ ಹೆಂಗಸು ಈಗ ಹಡದಾಳ, ಅಕಿ? ಕಸ್ತೂರಿ? ನಿನಗ ನಾಚಿಕಿ ಆಕ್ಕೈತಿ ಅಂತ ಇನ್ನೊಂದು ಮನಿ ಮುರೀತಿಯೇನು?"

ಕುಸುಬೆಯ ಹೊಟ್ಟು ಹಾರಿ ಅವಳ ತಲೆಯ ಮೇಲೆ ಕೂತಿತ್ತು.

"ಅಪ್ಪನ ನೆನಪು ಬರೂದಿಲ್ಲೇನು ನಿನಗ?" ಎಂದು ಕೇಳಿದೆ. ಕೇಳಬಾರದಿತ್ತು.

"ಬರ್ತೈತಿ," ಎಂದಳು. "ಆದ್ರ ಕೂಡಿದ್ದು ಕೂಡೇತಿ. ಮಾಡಿದ್ದುಣ್ಣೋ ಮಹಾರಾಯ ಅಂತಾರ, ನೀ ಮಾಡಿದ್ದು ನಾವು ಉಣ್ಣಾಕತ್ತೀವಿ. ಹೋಗು, ಅವಂಗ ಉಣಿಸೋ ಹೊತ್ತಾತು."

ಹಾಗೆ ನಾನು ಉಳಿದೆ. ಓಣಿಯಲ್ಲಿ ಎದುರಾದವರು ಎಂದಿನಂತೆ ಮಾತಾಡಿಸುತ್ತಾರೆ, ಉಂಡೆಯಾ ಎಂದು ಕೇಳುತ್ತಾರೆ. ಬೈದಿದ್ದರೆ ಹೊಟ್ಟೆ ತುಂಬುತ್ತಿತ್ತು. ಅಪ್ಪನಿಗೆ ಮೂರು ಹೊತ್ತು ಉಣಿಸುತ್ತೇನೆ, ಸೋಮವಾರ ಅವನ ಚಪ್ಪಲಿಗೆ ಎಣ್ಣೆ ಸವರುತ್ತೇನೆ. "ನಿಮ್ಮವ್ವ ಇದಕ್ಕಿಂತ ಸಣ್ಣ ತುತ್ತು ಮಾಡ್ತಿದ್ಲು," ಎನ್ನುತ್ತಾನೆ. ಸಣ್ಣದು ಮಾಡುತ್ತೇನೆ. ಇನ್ನೂ ಸಣ್ಣದು ಎನ್ನುತ್ತಾನೆ.

ಈ ವರ್ಷ ಹೋಳಿ ಕಳೆದು ನಾಲ್ಕು ದಿನವಾಗಿತ್ತು. ಬೇಸಿಗೆ ಯಾಕೋ ತಂಪು. ಕಣಿವೆಯಿಂದ ಗಾಳಿ ಬೀಸುತ್ತಲೇ ಇತ್ತು, ಒಂಟಿ ಓಣಿಗೆ ಹತ್ತುವವರೇ ಇರಲಿಲ್ಲ. ಬ್ಯಾಸಗಿ ಹೆಂಗೈತಿ, ಯಾರದರ ಮನಿ ಒಡೀತೇನು ಎಂದು ಅಪ್ಪ ದಿನಾ ಕೇಳುತ್ತಿದ್ದ. ಯಾರ ಮನೆ ಎಂದು ಹೆಸರು ಹೇಳುತ್ತಿರಲಿಲ್ಲ. ಆ ಮಧ್ಯಾಹ್ನ ತುತ್ತು ಹಿಡಿದು ಕೂತಿದ್ದಾಗ ಅವನು ಬಾಯಿ ತೆರೆಯದೆ ನನ್ನ ಮುಖ ನೋಡಿದ.

"ದುಂಡ್ಯಾ, ಭಟ್ಟಿ ಒಂದೀಟು ಹಚ್ಚಬಾರದೇನೋ?"

ನನ್ನ ಕೈ ಅಲ್ಲೇ ನಿಂತಿತು. ಕಲ್ಲು ಬೇಯಿಸು, ಊರು ಬೇಯಿಸಬ್ಯಾಡ ಎಂದವನು ಅವನೇ. ಬಿಳಿಚಿಕೊಂಡ ಅವನ ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಎಡಗೈ ಎತ್ತುವ ಗೋಜಿಗೂ ಹೋಗಲಿಲ್ಲ.

"ಬಾಳ ಬ್ಯಾಡ. ರಾಚಪ್ಪನ ಮನಿ ಸಡಲ ಆಗೂವಷ್ಟು. ಅಕಿ ಒಂಟಿ ಆದ್ರ ಈ ಸಲ ಯಮನಪ್ಪನ ಬೆನ್ನಮ್ಯಾಲೆ ಹೋಗ್ತೀನಿ. ಹ್ವಾದ ವರ್ಷ ಹಚ್ಚಿದ್ಯಲ್ಲ, ಹಂಗ."

"ಆಗೂದಿಲ್ಲಪ್ಪ," ಎಂದೆ.

"ನಿನ್ನ ಸಲುವಾಗಿ ಹಚ್ಚಿದ್ದಿ," ಎಂದ ಅಪ್ಪ. ಬೈದದ್ದಲ್ಲ. ಬೇಡಿದ್ದು.

ನನ್ನ ಸಲುವಾಗಿ ಹಚ್ಚಿದ್ದೆ. ಅವನ ಸಲುವಾಗಿ ಹಚ್ಚಲಾರೆ ಎಂದು ಅವನ ಮುಖ ನೋಡಿಕೊಂಡೇ ಇನ್ನೊಂದು ಸಲ ಹೇಳಬೇಕಾಯಿತು. ಹೇಳಿದೆ. ಕೈಯಲ್ಲಿದ್ದ ತುತ್ತನ್ನು ಮುರಿದು, ಅವ್ವ ಮಾಡುತ್ತಿದ್ದಷ್ಟು ಸಣ್ಣದು ಮಾಡಿ, ಅವನ ತುಟಿಯ ಹತ್ತಿರ ಹಿಡಿದೆ. ಅಪ್ಪ ಬಾಯಿ ತೆರೆಯಲಿಲ್ಲ.